ಯಂತ್ರ ಒಂದು, ಒಡೆಯರು ಊರಿಡೀ: ಡೆನ್ಮಾರ್ಕಿನ ಸಣ್ಣ ರೈತರನ್ನು ಮೇಲೆತ್ತಿದ ಹಾಲಿನ ಸೊಸೈಟಿ

ಮಂಜೇಶ್ವರದಿಂದ ಮಂಗಳೂರಿನ ತನಕ ಯಾವ ಊರಿನ ಹಾಲಿನ ಸೊಸೈಟಿಗೆ ಬೆಳಗ್ಗೆ ಹೋದರೂ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಕ್ಯಾನ್ ಹಿಡಿದು ಬಂದವರ ಹಾಲನ್ನು ಅಳೆಯುತ್ತಾರೆ, ಸ್ವಲ್ಪ ಸ್ಯಾಂಪಲ್ ತೆಗೆಯುತ್ತಾರೆ, ಫ್ಯಾಟ್ ಎಷ್ಟಿದೆ ಅಂತ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಹತ್ತು ದನ ಇದ್ದವರಿಗೂ ಒಂದೇ ದನ ಇದ್ದವರಿಗೂ ಅಳತೆ ಒಂದೇ, ಸಾಲು ಒಂದೇ. ಗಡಿಯ ಈಚೆ ಆ ಹಾಲು ಮಿಲ್ಮಾಕ್ಕೆ ಹೋಗುತ್ತದೆ, ಆಚೆ ನಂದಿನಿಗೆ.

ದಿನಾ ನೋಡುವ ಕಾರಣ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಆದರೆ ಈ ವ್ಯವಸ್ಥೆಯ ಒಂದೊಂದು ಭಾಗದ ಹಿಂದೆಯೂ ಜಗಳ, ನಷ್ಟ, ಅನುಮಾನ ಮತ್ತು ಪ್ರಯೋಗಗಳ ದೊಡ್ಡ ಚರಿತ್ರೆ ಇದೆ. ಆ ಚರಿತ್ರೆಯ ಮುಖ್ಯ ಅಧ್ಯಾಯ ನಡೆದದ್ದು ಸುಮಾರು 140 ವರ್ಷಗಳ ಹಿಂದೆ, ಯುರೋಪಿನ ಸಣ್ಣ ದೇಶ ಡೆನ್ಮಾರ್ಕಿನಲ್ಲಿ. ಒಂದು ಹೊಸ ಯಂತ್ರ ಬಂದಾಗ ಅದರ ಲಾಭ ದೊಡ್ಡ ಜಮೀನ್ದಾರರ ಪಾಲಾಗದೆ ಸಣ್ಣ ರೈತರಿಗೂ ಸಿಕ್ಕಿದ್ದು ಹೇಗೆ ಎಂಬುದೇ ಆ ಕಥೆ.

ಸೋತ ದೇಶ, ಬಿದ್ದ ಬೆಲೆ

1864ರಲ್ಲಿ ಪ್ರಶ್ಯ ಮತ್ತು ಆಸ್ಟ್ರಿಯದ ಎದುರು ಯುದ್ಧದಲ್ಲಿ ಸೋತ ಡೆನ್ಮಾರ್ಕ್, ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತಗಳನ್ನು ಕಳೆದುಕೊಂಡಿತು. ಅದರ ಬೆನ್ನಿಗೆ ಇನ್ನೊಂದು ಪೆಟ್ಟು ಬಿತ್ತು. 1870ರ ದಶಕದಿಂದ ಅಮೆರಿಕ ಮತ್ತು ರಷ್ಯದ ಅಗ್ಗದ ಧಾನ್ಯ ರೈಲು, ಹಡಗುಗಳ ಮೂಲಕ ಯುರೋಪಿನ ಮಾರುಕಟ್ಟೆಗೆ ನುಗ್ಗಿತು. ಗೋಧಿ, ಬಾರ್ಲಿ ಬೆಳೆದು ಮಾರುತ್ತಿದ್ದ ಡೆನ್ಮಾರ್ಕಿನ ರೈತನಿಗೆ ಬೆಲೆಯೇ ಸಿಗದಂತಾಯಿತು.

ಕೆಲವು ದೇಶಗಳು ಹೊರಗಿನ ಧಾನ್ಯಕ್ಕೆ ಸುಂಕ ಹಾಕಿ ಬಾಗಿಲು ಮುಚ್ಚಿದವು. ಡೆನ್ಮಾರ್ಕ್ ಹಾಗೆ ಮಾಡಲಿಲ್ಲ. ಅಲ್ಲಿನ ರೈತರು ಲೆಕ್ಕವನ್ನೇ ತಿರುಗಿಸಿ ಹಾಕಿದರು. ಧಾನ್ಯ ಅಗ್ಗವಾದರೆ ಅದು ದನದ ಮೇವಿಗೂ ಅಗ್ಗವಾಯಿತು ತಾನೆ? ಧಾನ್ಯ ಮಾರುವ ಬದಲು ಅದನ್ನು ದನಕ್ಕೆ ತಿನ್ನಿಸಿ ಬೆಣ್ಣೆ ಮಾರುವುದು ಲಾಭದ ಕೆಲಸವಾಯಿತು. ಬೆಣ್ಣೆಗೆ ಗಿರಾಕಿಯೂ ಇದ್ದ. ಸಮುದ್ರದ ಆಚೆ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಸಂಬಳ ಪಡೆಯುವ ಲಕ್ಷಾಂತರ ಜನ ಬ್ರೆಡ್ಡಿಗೆ ಬೆಣ್ಣೆ ಹುಡುಕುತ್ತಿದ್ದರು. ಇಂಗ್ಲೆಂಡಿಗೆ ಸರಕು ಕಳುಹಿಸಲೆಂದೇ ಪಶ್ಚಿಮ ಕರಾವಳಿಯಲ್ಲಿ ಎಸ್ಬ್ಯರ್ಗ್ ಬಂದರು ಹುಟ್ಟಿಕೊಂಡಿತು.

ಒಳ್ಳೆಯ ಬೆಣ್ಣೆ ಯಾರದ್ದು?

ಸಮಸ್ಯೆ ಇದ್ದದ್ದು ಬೆಣ್ಣೆಯ ಗುಣಮಟ್ಟದಲ್ಲಿ. ಆಗ ಡೆನ್ಮಾರ್ಕಿನಲ್ಲಿ ಎರಡು ಬಗೆಯ ಬೆಣ್ಣೆ ಇತ್ತು: ಜಮೀನ್ದಾರರ ಬೆಣ್ಣೆ ಮತ್ತು ರೈತರ ಬೆಣ್ಣೆ. ದೊಡ್ಡ ಎಸ್ಟೇಟುಗಳಲ್ಲಿ ನೂರಾರು ದನ, ತಂಪಾದ ಹಾಲಿನ ಕೋಣೆ, ತರಬೇತಿ ಪಡೆದ ಕೆಲಸದವರು, ದಿನದಿನದ ಲೆಕ್ಕದ ಪುಸ್ತಕ ಎಲ್ಲವೂ ಇದ್ದವು. ಅಲ್ಲಿಯ ಬೆಣ್ಣೆಗೆ ಲಂಡನ್ನಿನಲ್ಲಿ ಒಳ್ಳೆಯ ದರ ಸಿಗುತ್ತಿತ್ತು. ಮೂರೋ ನಾಲ್ಕೋ ದನ ಇಟ್ಟುಕೊಂಡ ರೈತನ ಮನೆಯ ಬೆಣ್ಣೆ ಒಂದು ದಿನ ಚೆನ್ನಾಗಿದ್ದರೆ ಇನ್ನೊಂದು ದಿನ ಹುಳಿ. ವ್ಯಾಪಾರಿ ಹತ್ತಾರು ಮನೆಯ ಬೆಣ್ಣೆ ಕೊಂಡು ಒಟ್ಟಿಗೆ ಕಲಸಿ ಕಡಿಮೆ ದರಕ್ಕೆ ಮಾರುತ್ತಿದ್ದ.

ರೈತನಿಗೆ ಗೊತ್ತಿಲ್ಲ ಅಂತ ಅಲ್ಲ, ಅವನ ಕೈಯಲ್ಲಿದ್ದ ವಿಧಾನವೇ ಹಾಗಿತ್ತು. ಕೆನೆ ತೆಗೆಯಬೇಕಾದರೆ ಹಾಲನ್ನು ಅಗಲವಾದ ಪಾತ್ರೆಗಳಲ್ಲಿ ಹಾಕಿ, ಕದಲಿಸದೆ ಒಂದು ದಿನವೋ ಅದಕ್ಕಿಂತ ಹೆಚ್ಚೋ ಇಡಬೇಕು. ಕೆನೆ ತಾನಾಗಿ ಮೇಲೆ ಬರಬೇಕು. ಮೂರು ದನದ ಹಾಲು ಒಂದು ಕಡೆಯಾದರೆ ಸಾಕಾಗದು, ಕಡೆಯುವಷ್ಟು ಕೆನೆ ಸೇರಲು ದಿನಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಅದು ಹುಳಿಯಾಗುತ್ತದೆ.

ಹಾಗಾದರೆ ಊರಿನ ಹಾಲನ್ನೆಲ್ಲ ಒಂದೇ ಕಡೆ ಸೇರಿಸಿದರೆ ಆಗದೇ? ಅಲ್ಲಿಯೂ ತೊಡಕಿತ್ತು. ಕರೆದ ಹಾಲನ್ನು ಕೂಡಲೇ ನಿಲ್ಲಿಸಿಟ್ಟರೆ ಮಾತ್ರ ಕೆನೆ ಸರಿಯಾಗಿ ಏಳುತ್ತದೆ. ಗಾಡಿಯಲ್ಲಿ ಹಾಕಿ ಕುಲುಕಿಸಿಕೊಂಡು ಮೈಲಿಗಟ್ಟಲೆ ತಂದ ಹಾಲಿನಲ್ಲಿ ಕೆನೆ ಚೆನ್ನಾಗಿ ಬರುವುದಿಲ್ಲ. ಅಂದರೆ ಒಟ್ಟಾಗಲು ರೈತರಿಗೆ ಮನಸ್ಸಿದ್ದರೂ ಹಾಲು ಒಪ್ಪುತ್ತಿರಲಿಲ್ಲ.

ತಿರುಗುವ ಯಂತ್ರ ಬಂತು

ಈ ಗಂಟು ಬಿಚ್ಚಿದ್ದು ಒಂದು ಯಂತ್ರ. 1878ರಲ್ಲಿ ಸ್ವೀಡನ್ನಿನ ಇಂಜಿನಿಯರ್ ಗುಸ್ತಾಫ್ ದೆ ಲಾವಾಲ್ ಕೆನೆ ಬೇರ್ಪಡಿಸುವ ಸೆಪರೇಟರ್ ಯಂತ್ರವನ್ನು ಹೊರತಂದರು. ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಎಲ್.ಸಿ. ನೀಲ್ಸನ್ ಅವರ ಯಂತ್ರವೂ ಬಂತು.

ಇದರ ತತ್ವ ಸರಳ. ಹಾಲು ತುಂಬಿದ ಪಾತ್ರೆಯನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸಿದರೆ ಭಾರವಾದ ಭಾಗ ಹೊರಗಿನ ಗೋಡೆಯ ಕಡೆಗೆ ಹೋಗುತ್ತದೆ, ಹಗುರವಾದ ಕೆನೆ ನಡುವಿನಲ್ಲಿ ಉಳಿಯುತ್ತದೆ. ಎರಡನ್ನೂ ಬೇರೆ ಬೇರೆ ಕೊಳವೆಗಳಿಂದ ಹೊರತೆಗೆಯಬಹುದು. ಒಂದು ಕಡೆಯಿಂದ ಹಾಲು ಸುರಿಯುತ್ತಾ ಹೋದರೆ ಯಂತ್ರ ನಿಲ್ಲಿಸದೆಯೇ ಇನ್ನೊಂದು ಕಡೆಯಿಂದ ಕೆನೆ ಬರುತ್ತಾ ಇರುತ್ತದೆ.

ಇದರಿಂದ ಎರಡು ಲಾಭ ಆಯಿತು. ಮೊದಲನೆಯದು, ಅಷ್ಟೇ ಹಾಲಿನಿಂದ ಹೆಚ್ಚು ಬೆಣ್ಣೆ. ಎರಡನೆಯದು ಇನ್ನೂ ದೊಡ್ಡದು: ಗಾಡಿಯಲ್ಲಿ ಕುಲುಕಿ ಬಂದ ಹಾಲಿನಿಂದಲೂ ಯಂತ್ರ ಕೆನೆ ತೆಗೆಯುತ್ತಿತ್ತು. ಹತ್ತಾರು ಮನೆಯ ಹಾಲನ್ನು ಒಂದೇ ಕಡೆ ತಂದು ಒಂದೇ ಗುಣಮಟ್ಟದ ಬೆಣ್ಣೆ ಮಾಡುವುದು ಈಗ ಸಾಧ್ಯವಾಯಿತು.

ಆದರೆ ಯಂತ್ರ ಅಗ್ಗವಲ್ಲ. ಅದನ್ನು ತಿರುಗಿಸಲು ಉಗಿ ಇಂಜಿನ್ ಬೇಕು, ಬಾಯ್ಲರ್ ಬೇಕು, ಕಟ್ಟಡ ಬೇಕು, ತಿಳಿದವನೊಬ್ಬ ಬೇಕು. ನೂರಾರು ದನದ ಹಾಲು ದಿನಾ ಸಿಕ್ಕಿದರೆ ಮಾತ್ರ ಗಿಟ್ಟುತ್ತದೆ. ಹಾಗಾಗಿ ಪ್ರಶ್ನೆ ಈಗ ಬೇರೆ ರೂಪ ಪಡೆಯಿತು. ಯಂತ್ರದ ಒಡೆಯ ಯಾರು?

ಹೆಡ್ಡಿಂಗ್ ಎಂಬ ಹಳ್ಳಿ, 1882

ಖಾಸಗಿ ಮಾಲಕರು ಊರಿನ ಹಾಲು ಕೊಂಡು ಬೆಣ್ಣೆ ಮಾಡುವ ಪ್ರಯತ್ನ ಅದಕ್ಕೆ ಮೊದಲೇ ನಡೆದಿತ್ತು. ಅಲ್ಲಿ ಅನುಮಾನ ಎರಡೂ ಕಡೆ ಇತ್ತು. ಮಾಲಕ ದರ ಕಡಿಮೆ ಕೊಡುತ್ತಾನೆ ಅಂತ ರೈತನಿಗೆ, ಒಳ್ಳೆಯ ಹಾಲು ಮನೆಯಲ್ಲಿಟ್ಟು ಉಳಿದದ್ದನ್ನು ಕೊಡುತ್ತಾರೆ ಅಂತ ಮಾಲಕನಿಗೆ.

1882ರಲ್ಲಿ ಜಟ್‌ಲ್ಯಾಂಡಿನ ಪಶ್ಚಿಮ ಭಾಗದ ಹೆಡ್ಡಿಂಗ್ ಎಂಬ ಹಳ್ಳಿಯ ರೈತರು ಬೇರೆ ದಾರಿ ಹಿಡಿದರು. ಸ್ಟಿಲ್ಲಿಂಗ್ ಆಂಡರ್ಸನ್ ಎಂಬ ಯುವ ಡೇರಿ ತಜ್ಞನನ್ನು ಜೊತೆಗಿಟ್ಟುಕೊಂಡು ತಮ್ಮದೇ ಡೇರಿ ತೆರೆದರು. ಡೆನ್ಮಾರ್ಕಿನ ಮೊದಲ ಸಹಕಾರಿ ಡೇರಿ ಎಂದು ಹೆಸರಾದದ್ದು ಇದೇ. ಇಂದು ಅದು ಮ್ಯೂಸಿಯಂ.

ಈ ಬಗೆಯ ಸೊಸೈಟಿಗಳ ನಿಯಮಗಳು ಮೇಲ್ನೋಟಕ್ಕೆ ಸಾದಾ. ಆದರೆ ಒಂದೊಂದರ ಹಿಂದೆಯೂ ಯೋಚನೆ ಇತ್ತು.

ಕೈಯಲ್ಲಿ ಬಂಡವಾಳ ಇಲ್ಲದ ಕಾರಣ ಸದಸ್ಯರೆಲ್ಲ ಒಟ್ಟಾಗಿ ಜಾಮೀನು ನಿಂತು ಸಾಲ ಎತ್ತಿದರು. ಸೊಸೈಟಿ ಮುಳುಗಿದರೆ ಎಲ್ಲರೂ ಹೊಣೆ.

ಲಾಭವನ್ನು ಹಾಕಿದ ಹಣದ ಮೇಲೆ ಹಂಚಲಿಲ್ಲ, ಕೊಟ್ಟ ಹಾಲಿನ ಮೇಲೆ ಹಂಚಿದರು. ಹಣವಂತ ಬಂದು ಷೇರು ಕೊಂಡು ಕೂತು ತಿನ್ನುವ ದಾರಿ ಮುಚ್ಚಿತು.

ಮನೆ ಖರ್ಚಿಗೆ ಬೇಕಾದಷ್ಟು ಬಿಟ್ಟು ಉಳಿದ ಹಾಲನ್ನೆಲ್ಲ ಒಪ್ಪಂದದ ವರ್ಷಗಳು ಮುಗಿಯುವ ತನಕ ಸೊಸೈಟಿಗೇ ಕೊಡಬೇಕು. ನಡುವೆ ಬೇರೆಯವನು ನಾಲ್ಕು ಕಾಸು ಹೆಚ್ಚು ಕೊಡುತ್ತಾನೆ ಅಂತ ಓಡುವ ಹಾಗಿಲ್ಲ.

ಮತ ಒಬ್ಬರಿಗೆ ಒಂದು. ಡ್ಯಾನಿಶ್ ಭಾಷೆಯಲ್ಲಿ 'ತಲೆ' ಮತ್ತು 'ದನ' ಎಂಬ ಪದಗಳ ಉಚ್ಚಾರ ಹತ್ತಿರ ಹತ್ತಿರ. ಅದನ್ನೇ ಹಿಡಿದು, ಮತ ಎಣಿಸಬೇಕಾದ್ದು ತಲೆ ನೋಡಿ, ದನ ನೋಡಿ ಅಲ್ಲ ಎಂಬ ಮಾತು ಅಲ್ಲಿ ಗಾದೆಯ ಹಾಗೆ ಹಬ್ಬಿತು. ನೂರು ದನದ ಒಡೆಯನಿಗೂ ಎರಡು ದನದವನಿಗೂ ಸಭೆಯಲ್ಲಿ ಕೈ ಎತ್ತಲು ಇದ್ದದ್ದು ಒಂದೇ ಕೈ.

ಕೆನೆ ತೆಗೆದ ಹಾಲು ಅದೇ ಕ್ಯಾನಿನಲ್ಲಿ ರೈತನ ಮನೆಗೆ ವಾಪಸ್ ಹೋಗುತ್ತಿತ್ತು. ಅದು ಕರುಗಳಿಗೆ ಮತ್ತು ಹಂದಿಗಳಿಗೆ ಮೇವಾಯಿತು. ಇಂಗ್ಲೆಂಡಿಗೆ ಹಂದಿ ಮಾಂಸ ಕಳುಹಿಸುವ ಸಹಕಾರಿ ಕಾರ್ಖಾನೆ 1887ರಲ್ಲಿ ಹೊರ್ಸೆನ್ಸ್ ಪಟ್ಟಣದಲ್ಲಿ ಶುರುವಾಯಿತು. ಡೇರಿಯಲ್ಲಿ ಉಳಿದದ್ದು ಹಾಳಾಗದೆ ಎರಡನೇ ಆದಾಯವಾಯಿತು.

ಫಲ ಬೇಗನೆ ಕಂಡಿತು. 1890ರ ಹೊತ್ತಿಗೆ ದೇಶದಲ್ಲಿ ಸುಮಾರು 700 ಸಹಕಾರಿ ಡೇರಿಗಳಿದ್ದವು. 1900ರ ಹೊತ್ತಿಗೆ 1,000 ದಾಟಿತು. ದೇಶದ ಬಹುಪಾಲು ಹಾಲು ರೈತರದ್ದೇ ಡೇರಿಗಳಲ್ಲಿ ಬೆಣ್ಣೆಯಾಗುತ್ತಿತ್ತು. 'ರೈತರ ಬೆಣ್ಣೆ' ಅಂದರೆ ಕೀಳು ಎಂಬ ಮಾತು ಒಂದೇ ತಲೆಮಾರಿನಲ್ಲಿ ಅಳಿಸಿ ಹೋಯಿತು.

ಹಾಲಿಗೆ ನೀರು ಬೆರೆಸಿದರೆ?

ಹಝ್ರತ್ ಉಮರ್(ರ) ಅವರ ಕಾಲದ ಹಾಲು ಮಾರುವ ತಾಯಿ ಮಗಳ ಕಥೆಯನ್ನು ಮದ್ರಸದಲ್ಲಿ ಕೇಳದ ಮಕ್ಕಳು ಕಡಿಮೆ. ರಾತ್ರಿ ಹೊತ್ತು ಹಾಲಿಗೆ ನೀರು ಬೆರೆಸು ಅಂತ ತಾಯಿ ಹೇಳುತ್ತಾಳೆ. ಖಲೀಫರು ಬೇಡ ಅಂದಿದ್ದಾರೆ ಅಂತ ಮಗಳು. ಖಲೀಫರು ಇಲ್ಲಿ ನೋಡುತ್ತಾ ಕೂತಿದ್ದಾರಾ ಅಂತ ತಾಯಿ ಕೇಳಿದಾಗ, ಅವರು ನೋಡದಿದ್ದರೂ ಅಲ್ಲಾಹನು ನೋಡುತ್ತಾನಲ್ಲ ಅನ್ನುತ್ತಾಳೆ ಮಗಳು. ಅಳತೆ ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನ್‌ನಲ್ಲಿ ಒಂದು ಅಧ್ಯಾಯ ಇದೆ, ಸೂರಾ ಅಲ್ ಮುತಫ್ಫಿಫೀನ್.

ಆ ಹುಡುಗಿಯಂಥ ಮನಸ್ಸು ಎಲ್ಲರಿಗೂ ಇದ್ದಿದ್ದರೆ ಸೊಸೈಟಿ ನಡೆಸುವುದು ಸುಲಭ. ಡೆನ್ಮಾರ್ಕಿನ ಸೊಸೈಟಿಗಳು ಮೊದಲಿಗೆ ತೂಕದ ಮೇಲೆ ಹಣ ಕೊಡುತ್ತಿದ್ದವು. ತೂಕಕ್ಕೆ ಹಣ ಕೊಟ್ಟರೆ ನೀರಿಗೂ ಹಣ ಕೊಟ್ಟ ಹಾಗೆ. ನೀರು ಬೆರೆಸದವನಿಗೂ ಅನ್ಯಾಯ ತಪ್ಪುತ್ತಿರಲಿಲ್ಲ. ದಪ್ಪ ಹಾಲು ಕೊಡುವ ದನ ಸಾಕಿದವನಿಗೂ ತೆಳು ಹಾಲಿನವನಿಗೂ ಒಂದೇ ದರ. ಡೇರಿಯಲ್ಲಿ ಎಲ್ಲರ ಹಾಲು ಬೆರೆತು ಹೋದ ಮೇಲೆ ಯಾರದ್ದು ಒಳ್ಳೆಯದು, ಯಾರದ್ದು ಕೆಟ್ಟದ್ದು ಅಂತ ಕಂಡುಹಿಡಿಯುವುದು ಹೇಗೆ?

ಈ ಅನುಮಾನ ಬೆಳೆದಿದ್ದರೆ ಸೊಸೈಟಿಗಳು ಒಡೆಯುತ್ತಿದ್ದವು. ಕೋಪನ್‌ಹೇಗನ್ನಿನ ಕೃಷಿ ಕಾಲೇಜಿನ ಎನ್.ಜೆ. ಫ್ಯೋರ್ಡ್ ಅವರು ಪ್ರತಿ ರೈತನ ಹಾಲಿನ ಸ್ಯಾಂಪಲನ್ನು ಸಣ್ಣ ಗಾಜಿನ ನಳಿಕೆಗಳಲ್ಲಿ ಹಾಕಿ, ಯಂತ್ರದಲ್ಲಿ ತಿರುಗಿಸಿ, ಕೆನೆಯ ಪ್ರಮಾಣ ಅಳೆಯುವ ಸಾಧನ ಕೊಟ್ಟರು. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸ್ಟೀಫನ್ ಬಾಬ್‌ಕಾಕ್ ಇನ್ನೂ ಸುಲಭವಾದ, ಆಸಿಡ್ ಹಾಕಿ ಕೊಬ್ಬು ಅಳೆಯುವ ಪರೀಕ್ಷೆ ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಮಾಡಿಸಿಕೊಂಡು ಹಣ ಮಾಡಲು ಅವರು ಹೋಗಲಿಲ್ಲ, ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟರು. ಅದಾದ ಮೇಲೆ ಸ್ವಿಟ್ಜರ್‌ಲ್ಯಾಂಡಿನ ಗರ್ಬರ್ ಅವರ ಪರೀಕ್ಷೆಯೂ ಬಂತು. ಭಾರತದ ಡೇರಿಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಅದೇ.

ಇಂದು ಸೊಸೈಟಿಯಲ್ಲಿ ನೋಡುವ ಫ್ಯಾಟ್ ಟೆಸ್ಟಿನ ಮೂಲ ಇದು. ಸೆಪರೇಟರ್ ಯಂತ್ರ ಹಾಲನ್ನು ಒಂದುಗೂಡಿಸಿತು. ಜನರನ್ನು ಒಂದುಗೂಡಿಸಿ ಇಟ್ಟದ್ದು ಮಾತ್ರ ಈ ಸಣ್ಣ ಗಾಜಿನ ನಳಿಕೆ.

ಒಬ್ಬರ ದನದ ರೋಗ ಎಲ್ಲರ ಹಟ್ಟಿಗೆ

ಒಟ್ಟಾಗುವುದರಲ್ಲಿ ಅಪಾಯವೂ ಇತ್ತು. ಒಂದು ಮನೆಯ ದನಕ್ಕೆ ಕ್ಷಯ ರೋಗ ಇದ್ದರೆ ಅದರ ಹಾಲು ಡೇರಿಯಲ್ಲಿ ಎಲ್ಲರ ಹಾಲಿಗೆ ಸೇರುತ್ತದೆ. ಕೆನೆ ತೆಗೆದು ವಾಪಸ್ ಕಳುಹಿಸಿದ ಹಾಲು ಕುಡಿದ ಇಡೀ ಊರಿನ ಕರುಗಳಿಗೆ ರೋಗ ಹರಡುತ್ತದೆ. ಪಶುವೈದ್ಯ ಬೆರ್ನ್‌ಹಾರ್ಡ್ ಬಾಂಗ್ ಇದರ ಬಗ್ಗೆ ಎಚ್ಚರಿಸುತ್ತಾ ಬಂದರು. 1898ರಲ್ಲಿ ಡೆನ್ಮಾರ್ಕ್ ಕಾನೂನನ್ನೇ ತಂದಿತು: ರೈತರಿಗೆ ಹಿಂತಿರುಗಿಸುವ ಹಾಲನ್ನು ಮೊದಲು ಚೆನ್ನಾಗಿ ಬಿಸಿ ಮಾಡಲೇಬೇಕು.

ವಿಜ್ಞಾನ ಮತ್ತು ಸೊಸೈಟಿ ಹೀಗೆ ಕೈ ಕೈ ಹಿಡಿದು ನಡೆದವು. ವಿಲ್ಹೆಲ್ಮ್ ಸ್ಟೋರ್ಕ್ ಎಂಬ ವಿಜ್ಞಾನಿ ಕೆನೆಯನ್ನು ಹದವಾಗಿ ಹುಳಿ ಬರಿಸುವ ಶುದ್ಧ ಹೆಪ್ಪು ತಯಾರಿಸಿದಾಗ ಅದು ಡೇರಿಯಿಂದ ಡೇರಿಗೆ ಹಬ್ಬಿತು, ಎಲ್ಲ ಕಡೆಯ ಬೆಣ್ಣೆಗೂ ಒಂದೇ ರುಚಿ ಬಂತು. 1895ರಲ್ಲಿ ವೈಯೆನ್ ಎಂಬಲ್ಲಿ ರೈತರು ಒಟ್ಟಾಗಿ ಒಬ್ಬನನ್ನು ನೇಮಿಸಿ, ಮನೆಮನೆಗೆ ಹೋಗಿ ಪ್ರತಿ ದನದ ಹಾಲು, ಕೊಬ್ಬು, ಮೇವಿನ ಲೆಕ್ಕ ಇಡಿಸಿದರು. ಯಾವ ದನ ಸಾಕಿದ್ದಕ್ಕೆ ಲಾಭ, ಯಾವುದು ಬರೀ ತಿನ್ನುತ್ತದೆ ಅಂತ ಮೊದಲ ಸಲ ಸಣ್ಣ ರೈತನಿಗೂ ಗೊತ್ತಾಯಿತು. ಹಿಂದೆ ಈ ಲೆಕ್ಕ ಇಡಲು ಆಗುತ್ತಿದ್ದದ್ದು ಎಸ್ಟೇಟಿನವರಿಗೆ ಮಾತ್ರ.

ಬೇಸಿಗೆಯಲ್ಲಿ ಮಾತ್ರ ಹೇರಳವಾಗಿ ಸಿಗುತ್ತಿದ್ದ ಬೆಣ್ಣೆ, ಮೇವಿನ ಕ್ರಮ ಬದಲಾಯಿಸಿದ ಕಾರಣ ಚಳಿಗಾಲದಲ್ಲೂ ಸಿಗತೊಡಗಿತು. ವರ್ಷವಿಡೀ ಒಂದೇ ಗುಣದ ಸರಕು ಕೊಡುವವನನ್ನು ಇಂಗ್ಲೆಂಡಿನ ವ್ಯಾಪಾರಿ ಬಿಡಲಿಲ್ಲ. 1906ರಿಂದ ರಫ್ತಾಗುವ ಬೆಣ್ಣೆಗೆ 'ಲೂರ್' ಎಂಬ ಹಳೆಯ ಕೊಂಬು ವಾದ್ಯದ ಗುರುತಿನ ರಾಷ್ಟ್ರೀಯ ಮುದ್ರೆ ಕಡ್ಡಾಯವಾಯಿತು.

ಅದೇ ಯಂತ್ರ, ಬೇರೆ ಫಲ

ಯಂತ್ರ ಒಂದೇ ಸಾಕಿತ್ತು ಅನ್ನುವವರು ಐರ್ಲೆಂಡನ್ನು ನೋಡಬೇಕು. ಇಂಗ್ಲೆಂಡಿಗೆ ಅದು ಇನ್ನೂ ಹತ್ತಿರ, ಹುಲ್ಲುಗಾವಲು ಹೇರಳ, ಬೆಣ್ಣೆ ವ್ಯಾಪಾರ ಹಳೆಯದು. 1889ರಲ್ಲಿ ಹೊರೇಸ್ ಪ್ಲಂಕೆಟ್ ಅವರ ಚಳವಳಿಯ ಕಾಲಕ್ಕೆ ಡ್ರಮ್‌ಕಾಲೊಹರ್‌ನಲ್ಲಿ ಸಹಕಾರಿ ಡೇರಿಯೂ ಬಂತು. ಯಂತ್ರ ಅದೇ. ಆದರೂ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಡೆನ್ಮಾರ್ಕಿನ ಬೆಣ್ಣೆ ಮುಂದೆ ಹೋಯಿತು.

ಕಾರಣ ಹಲವು. ಐರ್ಲೆಂಡಿನಲ್ಲಿ ಜಮೀನಿನ ಜಗಳ, ರಾಜಕೀಯ ಮತ್ತು ಧರ್ಮದ ಒಡಕು ಇದ್ದವು. ಇದರ ಜೊತೆಗೆ ಒಪ್ಪಂದದ ವಿಷಯವೂ ಇತ್ತು. ಡೆನ್ಮಾರ್ಕಿನಲ್ಲಿ ಹಾಲನ್ನು ಸೊಸೈಟಿಗೇ ಕೊಡಬೇಕು ಎಂಬ ಷರತ್ತು ಕೆಲವು ವರ್ಷಗಳ ಮಟ್ಟಿಗೆ ಇರುತ್ತಿತ್ತು, ಮುರಿದವನು ದಂಡ ಕಟ್ಟುತ್ತಿದ್ದ. ಐರ್ಲೆಂಡಿನ ಬ್ಯಾಲಿಮ್ಯಾಕೆಲ್ಲಿಗಟ್ ಸೊಸೈಟಿಯ ನಿಯಮದ ಪ್ರಕಾರ ಸದಸ್ಯ ಬೇರೆಯವರಿಗೆ ಹಾಲು ಮಾರುವಂತಿಲ್ಲ, ಸೊಸೈಟಿ ಒಪ್ಪದೆ ಹೊರಗೆ ಹೋಗುವಂತೆಯೂ ಇಲ್ಲ. 1919ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ನಿಯಮ ಅತಿಯಾಯಿತು ಎಂದು ತಳ್ಳಿಹಾಕಿತು. ಕಟ್ಟು ತೀರಾ ಸಡಿಲವಾದರೆ ಸೊಸೈಟಿ ನಿಲ್ಲುವುದಿಲ್ಲ, ತೀರಾ ಬಿಗಿಯಾದರೆ ಕಾನೂನೂ ಒಪ್ಪುವುದಿಲ್ಲ.

ಡೆನ್ಮಾರ್ಕಿನಲ್ಲೂ ಎಲ್ಲರಿಗೂ ಲಾಭವಾಗಲಿಲ್ಲ. ಮನೆಯಲ್ಲಿ ಬೆಣ್ಣೆ ತೆಗೆಯುವ ಕೆಲಸ ತಲೆಮಾರುಗಳಿಂದ ಹೆಂಗಸರ ಕೈಯಲ್ಲಿತ್ತು. ಡೇರಿ ಬಂದ ಮೇಲೆ ಆ ವಿದ್ಯೆ ಮತ್ತು ಅದರ ಜೊತೆಗಿದ್ದ ಸ್ಥಾನ ಸಂಬಳದ ಗಂಡಸರ ಪಾಲಾಯಿತು. ದನವೇ ಇಲ್ಲದ ಕೂಲಿಯವನಿಗೆ ಸೊಸೈಟಿಯ ಸಭೆಯಲ್ಲಿ ಜಾಗವಿರಲಿಲ್ಲ.

ಡೆನ್ಮಾರ್ಕಿನಿಂದ ಆನಂದ್, ಆನಂದ್‌ನಿಂದ ಕರಾವಳಿ

ಈ ಕಥೆಗೂ ಭಾರತಕ್ಕೂ ನೇರ ಕೊಂಡಿ ಇದೆ. 1938ರಲ್ಲಿ ಹೆನ್ನಿಂಗ್ ಹೋಲ್ಕ್-ಲಾರ್ಸೆನ್ ಮತ್ತು ಸೋರೆನ್ ಟೂಬ್ರೊ ಎಂಬ ಇಬ್ಬರು ಡ್ಯಾನಿಶ್ ಇಂಜಿನಿಯರ್‌ಗಳು ಮುಂಬೈಯಲ್ಲಿ ಒಂದು ಕಂಪೆನಿ ಶುರು ಮಾಡಿದರು. ಇಂದು ಎಲ್ಲರಿಗೂ ಗೊತ್ತಿರುವ ಲಾರ್ಸೆನ್ ಆ್ಯಂಡ್ ಟೂಬ್ರೊ ಅದೇ. ಆರಂಭದಲ್ಲಿ ಅವರ ವ್ಯವಹಾರ ಡೆನ್ಮಾರ್ಕಿನ ಡೇರಿ ಯಂತ್ರಗಳನ್ನು ತರಿಸಿ ಮಾರುವುದು.

1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು, ಮುಂಬೈಗೆ ಹಾಲು ಕಳುಹಿಸುತ್ತಿದ್ದ ಖಾಸಗಿ ಕಂಪೆನಿಯ ಏಕಸ್ವಾಮ್ಯದ ವಿರುದ್ಧ ಹಾಲು ಕೊಡುವುದನ್ನೇ ನಿಲ್ಲಿಸಿ, ತ್ರಿಭುವನ್‌ದಾಸ್ ಪಟೇಲ್ ಅವರ ನೇತೃತ್ವದಲ್ಲಿ ತಮ್ಮದೇ ಸಹಕಾರಿ ಸಂಘ ಕಟ್ಟಿದರು. 1949ರಲ್ಲಿ ವರ್ಗೀಸ್ ಕುರಿಯನ್ ಆನಂದ್‌ಗೆ ಬಂದರು. ಯುರೋಪಿನ ತಂತ್ರ ದನದ ಹಾಲಿಗೆ ಹೊಂದಿದ್ದು, ಎಮ್ಮೆ ಹಾಲಿನಿಂದ ಪೌಡರ್ ಮಾಡಲು ಆಗದು ಎಂದು ತಜ್ಞರು ಹೇಳುತ್ತಿದ್ದ ಕಾಲ. ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಆನಂದ್‌ನ ಹೊಸ ಡೇರಿಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು.

ಮುಂದೆ 1970ರಲ್ಲಿ ಶುರುವಾದ ಆಪರೇಶನ್ ಫ್ಲಡ್ ಯೋಜನೆ ಆನಂದ್ ಮಾದರಿಯನ್ನು ದೇಶವಿಡೀ ಹಬ್ಬಿಸಿತು. ಕೇರಳದಲ್ಲಿ 1980ರಲ್ಲಿ ಮಿಲ್ಮಾ ಹುಟ್ಟಿತು, ಕರ್ನಾಟಕದಲ್ಲಿ ನಂದಿನಿಯ ಕೆಎಂಎಫ್ ಬೆಳೆಯಿತು. ಊರಿನ ಸೊಸೈಟಿ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳ. ಎಲ್ಲಕ್ಕೂ ಬುಡದಲ್ಲಿ ಇರುವುದು ಬೆಳಗ್ಗಿನ ಆ ಅಳತೆ, ಆ ಫ್ಯಾಟ್ ಟೆಸ್ಟ್, ಆ ಪುಸ್ತಕ.

ಯುವಕರಿಗೆ ಇದರಲ್ಲಿ ಏನಿದೆ?

ಕರಾವಳಿಯ ಬ್ಯಾರಿ ಯುವಕರಿಗೆ ಪಾಲುದಾರಿಕೆ ಹೊಸದಲ್ಲ. ಊರಲ್ಲಾಗಲಿ ಗಲ್ಫಿನಲ್ಲಾಗಲಿ ನಾಲ್ಕು ಜನ ಸೇರಿ ಅಂಗಡಿ, ಹೋಟೆಲ್ ಇಡುವುದು ಇದ್ದದ್ದೇ. 'ನಮ್ಮವರೇ ಅಲ್ವಾ, ಲೆಕ್ಕ ಯಾಕೆ' ಎಂಬ ಮಾತಿನಿಂದ ಶುರುವಾದ ಪಾಲು ಲೆಕ್ಕದ ಜಗಳದಲ್ಲೇ ಮುಗಿಯುವುದೂ ಇದೆ. ಹಣ ಹೋಗುತ್ತದೆ, ಅದರ ಜೊತೆ ಸಂಬಂಧವೂ ಹೋಗುತ್ತದೆ.

ಡೆನ್ಮಾರ್ಕಿನ ರೈತರೂ ಒಂದೇ ಊರಿನವರು, ಒಂದೇ ಚರ್ಚಿಗೆ ಹೋಗುವವರು, ಒಬ್ಬರಿಗೊಬ್ಬರು ನೆಂಟರು. ಆದರೂ ಅವರು ಪರಿಚಯ ಒಂದನ್ನೇ ನಂಬಿ ಕೂರಲಿಲ್ಲ. ಯಾರು ಎಷ್ಟು ಕೊಟ್ಟರು, ಎಂಥದ್ದು ಕೊಟ್ಟರು, ಯಾರಿಗೆ ಎಷ್ಟು ಹೋಗಬೇಕು, ಬಿಟ್ಟು ಹೋಗುವುದಾದರೆ ಹೇಗೆ ಎಂಬುದನ್ನೆಲ್ಲ ಮೊದಲೇ ಬರೆದಿಟ್ಟರು. ಪ್ರತಿ ದಿನ ಎಲ್ಲರ ಕಣ್ಣೆದುರು ಅಳೆದರು. ಅಳತೆ ಇಟ್ಟದ್ದು ನೆರೆಯವನನ್ನು ಕಳ್ಳ ಅಂತ ಹೇಳಲು ಅಲ್ಲ, ಅವನ ಮೇಲೆ ಅನುಮಾನ ಬಾರದ ಹಾಗೆ ಕಾಪಾಡಲು.

ಯಂತ್ರವನ್ನು ದುಡ್ಡಿದ್ದವರು ಯಾರೂ ಕೊಳ್ಳಬಹುದಿತ್ತು. ಎರಡು ದನದವನನ್ನೂ ಅದರ ಒಡೆಯನನ್ನಾಗಿ ಮಾಡಿದ್ದು ಬರೆದಿಟ್ಟ ನಿಯಮ ಮತ್ತು ಸರಿಯಾದ ಅಳತೆ. ನಾಳೆ ನಾಲ್ಕು ಜನ ಸೇರಿ ಏನಾದರೂ ಶುರು ಮಾಡುವುದಾದರೆ, ಮೊದಲು ಒಂದು ದಿನ ಬೆಳಗ್ಗೆ ಊರಿನ ಹಾಲಿನ ಸೊಸೈಟಿಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ ಬರುವುದು ಒಳ್ಳೆಯದು.